ಹ್ಯಾಂಡ್‌ಹೆಲ್ಡ್ ಎಮ್ಯುಲೇಟರ್‌ಗೆ ಬಯೋಸ್ ಫೈಲ್ ಬೇಕೇ? ಉತ್ತರ ಕನ್ನಡದ ಆಟಗಾರರಿಗೆ ಐದು ಎಮ್ಯುಲೇಟರ್‌ಗಳ ವಿಮರ್ಶೆ

ಎಮ್ಯುಲೇಟರ್ ಎಂದರೆ ಹಳೆಯ ಆಟದ ಯಂತ್ರದ ಕೆಲಸವನ್ನು ಫೋನಿನಲ್ಲೋ ಕಂಪ್ಯೂಟರಿನಲ್ಲೋ ಮಾಡುವ ಪ್ರೋಗ್ರಾಂ; ಬಯೋಸ್ ಎಂದರೆ ಆ ಯಂತ್ರದೊಳಗೇ ಇರುವ ಮೂಲ ಪ್ರೋಗ್ರಾಂ. ಮೊದಲು ಉತ್ತರ, ಆಮೇಲೆ ವಿವರ. ಗೇಮ್ ಬಾಯ್, ಗೇಮ್ ಬಾಯ್ ಕಲರ್, ಗೇಮ್ ಬಾಯ್ ಅಡ್ವಾನ್ಸ್ ಆಟಗಳಿಗೆ ಬಯೋಸ್ ಬೇಡ. ಪಿಎಸ್‌ಪಿಗೆ ಬೇಡವೇ ಬೇಡ. ನಿಂಟೆಂಡೊ ಡಿಎಸ್‌ಗೆ ಈಗ ಬೇಡ, ಇದ್ದರೆ ಒಂದೆರಡು ಅನುಕೂಲ ಉಂಟು. 3ಡಿಎಸ್‌ನ ಬಹುಪಾಲು ಆಟಗಳಿಗೂ ಬೇಡ. ಪಿಎಸ್ ವೀಟಾಗೆ ಮಾತ್ರ ಫರ್ಮ್‌ವೇರ್ (ಯಂತ್ರದ ಸಿಸ್ಟಮ್ ತಂತ್ರಾಂಶ) ಇಲ್ಲದೆ ಏನೂ ನಡೆಯುವುದಿಲ್ಲ; ಅದನ್ನು ಸೋನಿ ಕಂಪನಿಯೇ ತನ್ನ ವೆಬ್‌ಸೈಟಿನಲ್ಲಿ ಪುಕ್ಕಟೆ ಇಟ್ಟಿದೆ.

ಇದು ಗೊತ್ತಿಲ್ಲದೆ ನಮ್ಮ ಕಡೆಯ ಹುಡುಗರು ‘ಆಲ್ ಬಯೋಸ್ ಪ್ಯಾಕ್’ ಎಂಬ ದೊಡ್ಡ ಝಿಪ್ ಫೈಲಿನ ಹಿಂದೆ ಬಿದ್ದು ದಿನದ ಡೇಟಾ ಪೂರ್ತಿ ಮುಗಿಸಿಕೊಳ್ಳುತ್ತಾರೆ. ಕಾರವಾರ ಪೇಟೆಯಲ್ಲಿ, ಕುಮಟಾ ಹೆದ್ದಾರಿ ಬದಿಯಲ್ಲಿ ನೆಟ್‌ವರ್ಕಿಗೆ ಅಡ್ಡಿಯಿಲ್ಲ. ಸಿದ್ದಾಪುರ, ಯಲ್ಲಾಪುರದ ಒಳಹಳ್ಳಿಗಳಲ್ಲಿ, ದೇವಿಮನೆ ಘಟ್ಟದ ಆಚೀಚೆ, ಮಳೆಗಾಲದಲ್ಲಿ ಕರೆಂಟು ಹೋದ ಮೇಲೆ ನೂರು ಎಂಬಿ ಇಳಿಸಿಕೊಳ್ಳುವುದು ಸಣ್ಣ ಕೆಲಸವಲ್ಲ. ಅಷ್ಟು ಕಷ್ಟಪಟ್ಟು ಇಳಿಸಿದ ಪ್ಯಾಕಿನಲ್ಲಿ ಇರುವುದು ಹೆಚ್ಚಾಗಿ ನೀವು ಎಂದೂ ಆಡದ ಯಂತ್ರಗಳ ಫೈಲುಗಳು. ಇನ್ನು ಕೆಲವು ಜಾಲತಾಣಗಳು ‘ಬಯೋಸ್’ ಎಂಬ ಹೆಸರಿನಲ್ಲಿ ಎಪಿಕೆ (ಆಂಡ್ರಾಯ್ಡ್ ಆ್ಯಪಿನ ಫೈಲ್) ಕೊಡುತ್ತವೆ. ಬಯೋಸ್ ಯಾವತ್ತೂ ಎಪಿಕೆ ಆಗಿರುವುದಿಲ್ಲ. ಅದು ಇನ್‌ಸ್ಟಾಲ್ ಮಾಡಲು ಕೇಳಿದರೆ ಒಪ್ಪಬೇಡಿ, ಆಗಲೇ ಅಳಿಸಿ.

ಎಂಜಿಬಿಎ: ಹಾಕಿದ ಕೂಡಲೆ ಆಡಬಹುದು

ಎಂಜಿಬಿಎ ಗೇಮ್ ಬಾಯ್ ಅಡ್ವಾನ್ಸ್‌ನ ಎಮ್ಯುಲೇಟರ್. ಗೇಮ್ ಬಾಯ್ ಅಡ್ವಾನ್ಸ್ 2001ರಲ್ಲಿ ಬಂದ ಯಂತ್ರ. ಅದರೊಳಗಿನ ಬಯೋಸ್ 16 ಕೆಬಿ, ಸರಿಯಾಗಿ ಹೇಳಿದರೆ 16,384 ಬೈಟ್. ಅದಕ್ಕೆ ಎರಡು ಕೆಲಸ. ಸ್ವಿಚ್ ಹಾಕಿದಾಗ ಲೋಗೊ ತೋರಿಸಿ, ಕಾರ್ಟ್ರಿಡ್ಜ್ ಸರಿಯಿದೆಯೇ ನೋಡಿ, ಆಟಕ್ಕೆ ದಾರಿ ಬಿಡುವುದು ಒಂದು. ಆಟ ನಡೆಯುವಾಗ ಕೇಳಿದ ಚಿಲ್ಲರೆ ಕೆಲಸಗಳನ್ನು ಮಾಡಿಕೊಡುವುದು ಇನ್ನೊಂದು. ಆಟವು ‘ಎಸ್‌ಡಬ್ಲ್ಯುಐ’ ಎಂಬ ಆದೇಶದ ಜೊತೆ ಒಂದು ಸಂಖ್ಯೆ ಕೊಡುತ್ತದೆ. 6 ಎಂದರೆ ಭಾಗಾಕಾರ, 8 ಎಂದರೆ ವರ್ಗಮೂಲ, 11 ಎಂದರೆ ಮೆಮೊರಿಯ ಒಂದು ತುಂಡನ್ನು ಇನ್ನೊಂದು ಕಡೆಗೆ ನಕಲು ಮಾಡುವುದು, 17 ಮತ್ತು 18 ಎಂದರೆ ಕುಗ್ಗಿಸಿಟ್ಟ ಚಿತ್ರವನ್ನು ಬಿಡಿಸುವುದು. ಎಂಜಿಬಿಎ ಇಂಥ ಆದೇಶ ಬಂದಾಗ ಸಂಖ್ಯೆ ನೋಡಿ, ಆ ಕೆಲಸವನ್ನು ತಾನೇ ಮಾಡಿ, ಉತ್ತರವನ್ನು ಆಟ ಹುಡುಕುವ ಜಾಗದಲ್ಲೇ ಇಡುತ್ತದೆ. ಕೆಲಸ ಮಾಡಿದ್ದು ನಿಂಟೆಂಡೊ ಕಂಪನಿಯ ಬಯೋಸೋ ಎಮ್ಯುಲೇಟರೋ ಎಂಬುದು ಆಟಕ್ಕೆ ಗೊತ್ತಾಗುವುದಿಲ್ಲ. ಎಚ್‌ಎಲ್‌ಇ ಎಂದು ಸೆಟ್ಟಿಂಗಿನಲ್ಲಿ ಕಾಣುವುದು ಇದೇ.

ನಿಜವಾದ ಬಯೋಸ್ ಹಾಕಿದರೆ ಸಿಗುವುದು ಆರಂಭದ ಲೋಗೊ, ಅದರ ದನಿ, ಸಮಯದ ಲೆಕ್ಕದಲ್ಲಿ ಇನ್ನೊಂದಿಷ್ಟು ನಿಖರತೆ. ಹವ್ಯಾಸಕ್ಕಾಗಿ ಆಟ ಬರೆಯುವವರಿಗೆ ಇದು ಮುಖ್ಯ, ಆಡುವವರಿಗೆ ಅಲ್ಲ. ಹಾಗಿದ್ದರೂ ಬಯೋಸ್ ಕಡ್ಡಾಯ ಎಂಬ ಮಾತು ಇನ್ನೂ ಏಕೆ ಓಡಾಡುತ್ತಿದೆ? 2006ರಲ್ಲಿ ಪಿಎಸ್‌ಪಿಗೆಂದು ಬಂದ ಜಿಪಿಎಸ್‌ಪಿ ಎಮ್ಯುಲೇಟರ್‌ಗೆ ಬಯೋಸ್ ಇಲ್ಲದಿದ್ದರೆ ಆಗುತ್ತಲೇ ಇರಲಿಲ್ಲ. ಆ ಕಾಲದ ಸೂಚನೆಗಳನ್ನೇ ಜನ ಇವತ್ತಿಗೂ ನಕಲು ಮಾಡಿ ಹಂಚುತ್ತಿದ್ದಾರೆ. ಜಿಪಿಎಸ್‌ಪಿಯ ಈಗಿನ ಕೋರ್‌ನಲ್ಲೂ (ರೆಟ್ರೋಆರ್ಚ್ ಎಂಬ, ಹಲವು ಎಮ್ಯುಲೇಟರ್‌ಗಳನ್ನು ಓಡಿಸುವ ಆ್ಯಪಿನೊಳಗೆ ಸೇರುವ ಎಮ್ಯುಲೇಟರ್ ಭಾಗವೇ ಕೋರ್) ಮುಕ್ತ ಬಯೋಸ್ ಒಂದು ಸೇರಿಕೊಂಡೇ ಬರುತ್ತದೆ.

ಕಂಪ್ಯೂಟರಿನಲ್ಲಿ ಎಂಜಿಬಿಎ ಪ್ರತ್ಯೇಕ ಪ್ರೋಗ್ರಾಂ. ಆಂಡ್ರಾಯ್ಡ್ ಫೋನಿನಲ್ಲಿ ಅದನ್ನು ರೆಟ್ರೋಆರ್ಚ್ ಒಳಗಿನ ಕೋರ್ ಆಗಿ ಬಳಸಬೇಕು. ಇಲ್ಲೊಂದು ಎಚ್ಚರಿಕೆ: ರೆಟ್ರೋಆರ್ಚ್ ಹಾಕಿದ ಮೇಲೂ ಕೋರ್, ಪರದೆ ಮೇಲಿನ ಬಟನ್‌ಗಳ ಓವರ್‌ಲೇ, ಮೆನುವಿನ ಚಿತ್ರಗಳು ಇವೆಲ್ಲ ಪ್ರತ್ಯೇಕವಾಗಿ ಇಳಿಯುತ್ತವೆ. ನೆಟ್‌ವರ್ಕ್ ಚೆನ್ನಾಗಿರುವ ಜಾಗದಲ್ಲೇ ಆ ಕೆಲಸ ಮುಗಿಸಿ, ಒಂದು ಆಟ ತೆರೆದು ನೋಡಿ, ಆಮೇಲೆ ಊರಿಗೆ ಹೋಗಿ. ಒಮ್ಮೆ ಸಿದ್ಧವಾದರೆ ಮತ್ತೆ ಇಂಟರ್ನೆಟ್ ಬೇಡ. ಕಾರವಾರದಿಂದ ಮಂಗಳೂರಿಗೆ ಹೋಗುವ ರೈಲಿನಲ್ಲಿ ಸುರಂಗ ಬಂದಾಗಲೆಲ್ಲ ನಿಂತುಹೋಗುವ ಆನ್‌ಲೈನ್ ಆಟಗಳ ಎದುರು ಇದೇ ಇದರ ದೊಡ್ಡ ಗುಣ.

ಸ್ವಂತ ಬಯೋಸ್ ಹಾಕಲೇಬೇಕು ಎನ್ನುವವರು ಅದನ್ನು ರೆಟ್ರೋಆರ್ಚ್‌ನ ‘ಸಿಸ್ಟಮ್’ ಫೋಲ್ಡರಿನಲ್ಲಿ ‘ಜಿಬಿಎ_ಬಯೋಸ್.ಬಿನ್’ (gba_bios.bin) ಎಂಬ ಹೆಸರಿನಲ್ಲಿ ಇಡಬೇಕು. ಇಂಗ್ಲಿಷಿನ ಸಣ್ಣ ಅಕ್ಷರಗಳೇ ಆಗಬೇಕು. ಆಂಡ್ರಾಯ್ಡ್‌ನಲ್ಲಿ ದೊಡ್ಡ ಅಕ್ಷರ ಹಾಕಿದರೆ ಫೈಲ್ ಸಿಗದೇ ಹೋಗಬಹುದು. ಹಾಕಿದ ಮೇಲೆ ಮೆನುವಿನ ‘ಇನ್ಫರ್ಮೇಶನ್’ ಒಳಗೆ ‘ಕೋರ್ ಇನ್ಫರ್ಮೇಶನ್’ ತೆರೆಯಿರಿ. ಪ್ರತಿ ಫೈಲಿನ ಎದುರು ಅದು ಇದೆಯೋ ಇಲ್ಲವೋ, ಕಡ್ಡಾಯವೋ ಐಚ್ಛಿಕವೋ ಎಂದು ಬರೆದಿರುತ್ತದೆ. ಯಾವ ಕೋರ್‌ಗೆ ಯಾವ ಫೈಲ್ ಬೇಕು ಎಂದು ಯಾರನ್ನೂ ಕೇಳಬೇಕಾಗಿಲ್ಲ, ಈ ಪುಟ ಸಾಕು. ಫೈಲ್ ಸರಿಯಿದೆಯೇ ಎಂದು ನೋಡಲು ಅದರ ಸಿಆರ್‌ಸಿ32 (ಫೈಲಿನ ಬೈಟ್‌ಗಳಿಂದ ತೆಗೆಯುವ ಗುರುತಿನ ಅಂಕಿ) ಲೆಕ್ಕ ಹಾಕಿ: 81977335 ಬಂದರೆ ಸರಿ.

ಒಂದು ತೊಂದರೆ ಮಾತ್ರ ಬಯೋಸ್‌ನಿಂದಲೇ ಆಗುತ್ತದೆ. ಬಯೋಸ್ ಇಲ್ಲದೆ ಆಡುವಾಗ ಉಳಿಸಿದ ಸೇವ್ ಸ್ಟೇಟನ್ನು (ಆಟ ಇದ್ದ ಆ ಕ್ಷಣವನ್ನೇ ಎಮ್ಯುಲೇಟರ್ ಉಳಿಸಿದ ಪ್ರತಿ) ಬಯೋಸ್ ಹಾಕಿದ ಮೇಲೆ ತೆರೆದರೆ, ಅಥವಾ ಅದರ ಉಲ್ಟಾ ಮಾಡಿದರೆ, ಅದು ಕೈಕೊಡಬಹುದು. ಉಳಿಸಿದ ಆ ಕ್ಷಣದಲ್ಲಿ ಯಂತ್ರ ಬಯೋಸ್ ಒಳಗಿನ ಕೆಲಸದಲ್ಲಿ ಇದ್ದಿರಬಹುದು. ವಾಪಸ್ ಬಂದಾಗ ಆ ಜಾಗದಲ್ಲಿ ಬೇರೆ ಬಯೋಸ್ ಇದ್ದರೆ ಆಟ ಎಲ್ಲಿಗೆ ಹೋಗಬೇಕು? ಆದ್ದರಿಂದ ಬದಲಾಯಿಸುವ ಮೊದಲು ಆಟದ ಒಳಗಿನ ಸೇವ್ ಮಾಡಿಕೊಳ್ಳಿ, ಅದಕ್ಕೆ ಏನೂ ಆಗುವುದಿಲ್ಲ. ಉಳಿದ ದೂರುಗಳಿಗೆ, ಅಂದರೆ ಸೇವ್ ಆಗುತ್ತಿಲ್ಲ, ಆಟದ ಗಡಿಯಾರ ನಡೆಯುತ್ತಿಲ್ಲ ಎಂಬಂಥವಕ್ಕೆ, ಬಯೋಸ್ ಕಾರಣವಲ್ಲ. ಕಾರ್ಟ್ರಿಡ್ಜಿನ ಸೇವ್ ಚಿಪ್ ಯಾವ ಬಗೆಯದು ಎಂಬುದನ್ನು ಎಮ್ಯುಲೇಟರ್ ತಪ್ಪಾಗಿ ಊಹಿಸಿದಾಗ ಹೀಗಾಗುತ್ತದೆ. ಫ್ಯಾನ್‌ಗಳು ತಿದ್ದಿದ ಆಟಗಳಲ್ಲಿ ಇದು ಜಾಸ್ತಿ. ಅಲ್ಲಿ ಸೇವ್ ಬಗೆಯನ್ನು 128 ಕೆಬಿ ಫ್ಲ್ಯಾಶ್ ಎಂದು ಕೈಯಾರೆ ಆರಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಹಳೆಯ ಗೇಮ್ ಬಾಯ್ (1989) ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದರ ಬೂಟ್ ರಾಮ್, ಅಂದರೆ ಸ್ವಿಚ್ ಹಾಕಿದ ಕೂಡಲೆ ಓಡುವ ಪ್ರೋಗ್ರಾಂ, ಬರೀ 256 ಬೈಟ್. ಲೋಗೊ ಹೊಂದುತ್ತದೆಯೇ ನೋಡಿ ಆಟ ಶುರು ಮಾಡಿ ಮರೆಯಾಗುವುದಷ್ಟೇ ಅದರ ಕೆಲಸ. ಗೇಮ್ ಬಾಯ್ ಕಲರ್‌ನ ಬೂಟ್ ರಾಮ್ ಮಾತ್ರ ಕಪ್ಪು ಬಿಳುಪಿನ ಹಳೆಯ ಆಟದ ಹೆಸರು ನೋಡಿ ಅದಕ್ಕೊಂದು ಬಣ್ಣದ ಜೋಡಣೆ ಆರಿಸುತ್ತಿತ್ತು. ಆ ಬಣ್ಣಗಳ ಪಟ್ಟಿ ರೆಟ್ರೋಆರ್ಚ್‌ನ ಗ್ಯಾಂಬಾಟೆ ಕೋರ್‌ನಲ್ಲೇ ಇದೆ.

ಮೆಲನ್‌ಡಿಎಸ್: ಬೇಡ, ಆದರೆ ಇದ್ದರೆ ಒಳ್ಳೆಯದು

ಡಿಎಸ್‌ನಲ್ಲಿ (2004) ಎರಡು ಪ್ರೊಸೆಸರ್, ಆದ್ದರಿಂದ ಬಯೋಸ್ ಕೂಡ ಎರಡು: ಆರ್ಮ್7ಕ್ಕೆ 16 ಕೆಬಿ, ಆರ್ಮ್9ಕ್ಕೆ 4 ಕೆಬಿ. ಇವಲ್ಲದೆ 256 ಕೆಬಿಯ ಫರ್ಮ್‌ವೇರ್ ಬೇರೆ. ಮೆಲನ್‌ಡಿಎಸ್‌ನ ಮೊದಮೊದಲ ಆವೃತ್ತಿಗಳಿಗೆ ಈ ಮೂರೂ ಕಡ್ಡಾಯವಿತ್ತು. ಈಗ ಅದರೊಳಗೆ ಫ್ರೀಬಯೋಸ್ ಎಂಬ ಬದಲಿ ಬಯೋಸ್ ಇದೆ. ಇದು ಮೂಲತಃ ಡ್ರಾಸ್ಟಿಕ್ ಎಮ್ಯುಲೇಟರ್‌ಗಾಗಿ ಎಕ್ಸೋಫೇಸ್ ಎಂಬ ಹೆಸರಿನ ಪ್ರೋಗ್ರಾಮರ್ ಬರೆದದ್ದು. ಅಂದು ಬಯೋಸ್ ಕಡ್ಡಾಯ ಮಾಡಿದ್ದ ಜಿಪಿಎಸ್‌ಪಿ ಕೂಡ ಅವರದೇ ಎಂಬುದು ಗಮನಿಸುವಂಥದ್ದು.

ಫ್ರೀಬಯೋಸ್‌ನಲ್ಲಿ ಆಟ ನೇರವಾಗಿ ತೆರೆಯುತ್ತದೆ. ಡಿಎಸ್‌ನ ಆರಂಭದ ಮೆನು, ಅಂದರೆ ಗಡಿಯಾರ, ಪಿಕ್ಟೋಚಾಟ್ ಇರುವ ಪರದೆ ಸಿಗುವುದಿಲ್ಲ. ಅದು ಬೇಕಿದ್ದರೆ ನಿಜವಾದ ಫರ್ಮ್‌ವೇರ್ ಬೇಕು. ಇಲ್ಲಿಯೇ ಬಹಳ ಜನ ಎಡವುತ್ತಾರೆ. ಡಿಎಸ್‌ಐ (ಡಿಎಸ್‌ನ ಮುಂದಿನ ಮಾದರಿ) ಅಥವಾ 3ಡಿಎಸ್ ಯಂತ್ರದಿಂದ ತೆಗೆದ ಡಿಎಸ್ ಬಯೋಸ್‌ಗಳು ಸರಿಯಾಗಿಯೇ ಕೆಲಸ ಮಾಡುತ್ತವೆ, ಆದರೆ ಅದೇ ಯಂತ್ರಗಳಿಂದ ತೆಗೆದ ಡಿಎಸ್ ಫರ್ಮ್‌ವೇರ್ ಬೂಟ್ ಆಗುವುದಿಲ್ಲ. ಅದರಲ್ಲಿ ಬೂಟ್ ಮಾಡುವ ಕೋಡೇ ಇಲ್ಲ, ಬರೀ ಸೆಟ್ಟಿಂಗ್ ಮಾಹಿತಿ. ಗುರುತು ಹಿಡಿಯುವುದು ಸುಲಭ: 128 ಕೆಬಿ ಇದ್ದರೆ ಅದು ಡಿಎಸ್‌ಐ ಅಥವಾ 3ಡಿಎಸ್‌ನದ್ದು, 256 ಕೆಬಿ ಇದ್ದರೆ ಸಾಧಾರಣ ಡಿಎಸ್‌ನದ್ದು, 512 ಕೆಬಿ ಇದ್ದರೆ ಚೀನಾದಲ್ಲಿ ಮಾರಾಟವಾದ ಐಕ್ಯೂ ಡಿಎಸ್‌ನದ್ದು.

ಹೆಸರು, ಹುಟ್ಟಿದ ದಿನ, ಭಾಷೆ, ಮೆಚ್ಚಿನ ಬಣ್ಣ, ಟಚ್ ಪರದೆಯ ಅಳತೆ, ವೈ-ಫೈ ಚಿಪ್ಪಿನ ಮ್ಯಾಕ್ ವಿಳಾಸ (ನೆಟ್‌ವರ್ಕಿನಲ್ಲಿ ಅದರ ಗುರುತಿನ ಸಂಖ್ಯೆ) ಇವೆಲ್ಲ ಇರುವುದು ಫರ್ಮ್‌ವೇರ್ ಒಳಗೆ. ಬದಲಿ ಫರ್ಮ್‌ವೇರ್ ಬಳಸುವಾಗ ಇವನ್ನು ಆ್ಯಪಿನ ಸೆಟ್ಟಿಂಗಿನಲ್ಲಿ ತುಂಬಬಹುದು. ತುಂಬಲೇಬೇಕು ಎಂಬುದು ನಮ್ಮ ಸಲಹೆ, ಏಕೆಂದರೆ ಎಷ್ಟೋ ಆಟಗಳು ಆಟಗಾರನ ಹೆಸರು, ಭಾಷೆಗಳನ್ನು ಅಲ್ಲಿಂದಲೇ ಓದುತ್ತವೆ. ಆಟ ಇಂಗ್ಲಿಷ್ ಬಿಟ್ಟು ಬೇರೆ ಭಾಷೆಯಲ್ಲಿ ತೆರೆದರೆ ಮೊದಲು ನೋಡಬೇಕಾದ ಜಾಗವೂ ಇದೇ. ಇಬ್ಬರು ಗೆಳೆಯರು ಒಂದೇ ಫರ್ಮ್‌ವೇರ್ ಪ್ರತಿ ಹಂಚಿಕೊಂಡು ಜೊತೆಯಾಗಿ ಆಡಹೊರಟರೆ ಎರಡೂ ಕಡೆ ಒಂದೇ ಮ್ಯಾಕ್ ವಿಳಾಸ ಬಂದು ಒಬ್ಬರಿಗೊಬ್ಬರು ಕಾಣಿಸದೇ ಹೋಗಬಹುದು. ಮ್ಯಾಕ್ ವಿಳಾಸ ಬದಲಿಸುವ ಸೆಟ್ಟಿಂಗ್ ಇದಕ್ಕಾಗಿಯೇ ಇದೆ.

ಡಿಎಸ್‌ಐ ಮೋಡ್ ಬೇರೆಯೇ ಕತೆ. ಅದಕ್ಕೆ ತಲಾ 64 ಕೆಬಿಯ ಎರಡು ಡಿಎಸ್‌ಐ ಬಯೋಸ್, 128 ಕೆಬಿಯ ಫರ್ಮ್‌ವೇರ್, ಸುಮಾರು 240 ಎಂಬಿಯ ನ್ಯಾಂಡ್ (ಯಂತ್ರದ ಒಳ ಮೆಮೊರಿ) ಪ್ರತಿ, ಎಲ್ಲವೂ ಕಡ್ಡಾಯ. ನ್ಯಾಂಡ್ ಪ್ರತಿ ಆಯಾ ಯಂತ್ರದ ಗುರುತಿನ ಸಂಖ್ಯೆಗೆ ಕಟ್ಟಿಕೊಂಡಿರುತ್ತದೆ. ಸ್ವಂತ ಡಿಎಸ್‌ಐ ಇಲ್ಲದವರು ಈ ದಾರಿ ಬಿಟ್ಟುಬಿಡಿ. ಸಾಮಾನ್ಯ ಡಿಎಸ್ ಆಟಗಳಿಗೆ ಇದರಿಂದ ಏನೂ ಲಾಭವಿಲ್ಲ.

ಪಿಪಿಎಸ್‌ಎಸ್‌ಪಿಪಿ: ಈ ಐದರಲ್ಲಿ ನಮ್ಮ ಮೊದಲ ಆಯ್ಕೆ

2012ರಲ್ಲಿ ಶುರುವಾದ ಪಿಎಸ್‌ಪಿ ಎಮ್ಯುಲೇಟರ್ ಪಿಪಿಎಸ್‌ಎಸ್‌ಪಿಪಿಗೆ ಯಾವ ಫೈಲೂ ಬೇಡ. ಪಿಎಸ್‌ಪಿಯ ಸಿಸ್ಟಮ್ ಲೈಬ್ರರಿಗಳ ಕೆಲಸವನ್ನೆಲ್ಲ ಅದು ಒಳಗೇ ಮಾಡಿಕೊಳ್ಳುತ್ತದೆ. ಎನ್‌ಕ್ರಿಪ್ಟ್ ಆಗಿರುವ ಆಟವನ್ನು ಬಿಡಿಸುವುದೂ ಅದರದೇ ಕೆಲಸ. ಆಟದ ಡಿಸ್ಕ್ ಪ್ರತಿಯೊಳಗೆ ‘ಅಪ್‌ಡೇಟ್’ ಎಂಬ ಫೋಲ್ಡರ್ ಕಂಡು, ಇದನ್ನು ಹಾಕಬೇಕೇನೋ ಎಂದು ಕೆಲವರು ಗಾಬರಿಯಾಗುತ್ತಾರೆ. ನಿಜವಾದ ಪಿಎಸ್‌ಪಿಯನ್ನು ಅಪ್‌ಡೇಟ್ ಮಾಡಲು ಸೋನಿ ಡಿಸ್ಕಿನಲ್ಲೇ ಕಳಿಸುತ್ತಿದ್ದ ಫೈಲ್ ಅದು. ಎಮ್ಯುಲೇಟರಿಗೆ ಅದರಿಂದ ಏನೂ ಆಗಬೇಕಾಗಿಲ್ಲ.

ಪಿಎಸ್‌ಪಿಗೂ ಬಯೋಸ್ ಬೇಕು ಎಂಬ ತಪ್ಪು ತಿಳಿವಳಿಕೆ ಹುಟ್ಟಿದ್ದು ಬಹುಶಃ ಪ್ಲೇಸ್ಟೇಶನ್ 1 ಮತ್ತು 2ರ ಎಮ್ಯುಲೇಟರ್‌ಗಳಿಂದ. ಪಿಎಸ್2ರ ಪಿಸಿಎಸ್‌ಎಕ್ಸ್2ಗೆ ಬಯೋಸ್ ಬೇಕೇ ಬೇಕು. ಪಿಎಸ್‌ಪಿಗೆಂದು ಸೋನಿ ಮಾರಿದ ಪಿಎಸ್1 ಆಟಗಳ ಇಬೂಟ್ ಫೈಲುಗಳು ಪಿಪಿಎಸ್‌ಎಸ್‌ಪಿಪಿಯಲ್ಲಿ ನಡೆಯುವುದಿಲ್ಲ. ಯಾವ ಬಯೋಸ್ ಹಾಕಿದರೂ ನಡೆಯುವುದಿಲ್ಲ, ಅವಕ್ಕೆ ಪಿಎಸ್1 ಎಮ್ಯುಲೇಟರೇ ಬೇಕು.

ಒಂದೇ ಒಂದು ಕಡೆ ನಿಜವಾದ ಪಿಎಸ್‌ಪಿಯ ಫೈಲ್ ವ್ಯತ್ಯಾಸ ಮಾಡುತ್ತದೆ: ಅಕ್ಷರಗಳು. ಪಿಪಿಎಸ್‌ಎಸ್‌ಪಿಪಿ ತನ್ನದೇ ಬದಲಿ ಫಾಂಟ್ ಇಟ್ಟುಕೊಂಡಿದೆ. ಅಕ್ಷರದ ಅಗಲ ಸ್ವಲ್ಪ ಹೆಚ್ಚುಕಡಿಮೆ ಇರುವುದರಿಂದ ಕೆಲವು ಆಟಗಳಲ್ಲಿ ಮಾತಿನ ಸಾಲು ಚೌಕಟ್ಟು ಮೀರಿ ಹೊರಗೆ ಇಣುಕುತ್ತದೆ. ಸ್ವಂತ ಪಿಎಸ್‌ಪಿ ಇದ್ದವರು ಅದರ ಫ್ಲ್ಯಾಶ್0ರಲ್ಲಿರುವ (ಯಂತ್ರದ ಒಳ ಮೆಮೊರಿ) ಫಾಂಟ್ ಫೋಲ್ಡರಿನ ಪಿಜಿಎಫ್ ಫೈಲುಗಳನ್ನು ನಕಲು ಮಾಡಿ, ಫೋನಿನ ‘ಪಿಎಸ್‌ಪಿ’ ಫೋಲ್ಡರಿನೊಳಗೆ ‘ಫ್ಲ್ಯಾಶ್0’, ಅದರೊಳಗೆ ‘ಫಾಂಟ್’ ಎಂದು ಫೋಲ್ಡರ್ ಮಾಡಿ ಇಟ್ಟರೆ ಅಕ್ಷರಗಳು ಮೂಲದಂತೆ ಕಾಣುತ್ತವೆ. ಇದು ಅಂದಕ್ಕೆ ಮಾತ್ರ, ಆಟ ನಡೆಯುವುದಕ್ಕೆ ಅಲ್ಲ.

ಮೊದಲ ಬಾರಿ ತೆರೆದಾಗ ಫೋಲ್ಡರ್ ಆರಿಸಲು ಕೇಳುತ್ತದೆ. ಆ್ಯಪಿನ ಒಳಗಿನ ಜಾಗ ಆರಿಸಬೇಡಿ. ಆ್ಯಪ್ ಅಳಿಸಿದರೆ ಆಟದ ಸೇವ್‌ಗಳೂ ಹೋಗುತ್ತವೆ. ಮೆಮೊರಿಯಲ್ಲಿ ನಿಮ್ಮದೇ ಒಂದು ಫೋಲ್ಡರ್ ಮಾಡಿ ಅದನ್ನು ತೋರಿಸಿ. ಪಿಎಸ್‌ಪಿಯ ಮೂಲ ಪರದೆ 480×272. ಕಡಿಮೆ ಬೆಲೆಯ ಫೋನಿನಲ್ಲಿ ರೆಸಲ್ಯೂಶನ್ 1ಎಕ್ಸ್ ಇಟ್ಟು ಶುರು ಮಾಡಿ, ಆಟ ಸಲೀಸಾಗಿ ನಡೆದರೆ 2ಎಕ್ಸ್‌ಗೆ ಏರಿಸಿ. ಕರೆಂಟು ಇಲ್ಲದ ಮಳೆಗಾಲದ ಸಂಜೆ ಬ್ಯಾಟರಿ ಉಳಿಸಬೇಕಿದ್ದರೂ 1ಎಕ್ಸ್ ಒಳ್ಳೆಯದು. ಐಎಸ್‌ಒ (ಡಿಸ್ಕಿನ ಪ್ರತಿ) ಫೈಲುಗಳನ್ನು ಕುಗ್ಗಿಸಿದ ರೂಪಗಳಾದ ಸಿಎಸ್‌ಒ ಅಥವಾ ಸಿಎಚ್‌ಡಿಗೆ ಬದಲಿಸಿಕೊಂಡರೆ ಕಾರ್ಡಿನಲ್ಲಿ ಜಾಗ ಉಳಿಯುತ್ತದೆ; ಸಿಎಚ್‌ಡಿ ಓದಲು ಆವೃತ್ತಿ 1.17 ಅಥವಾ ಅದರ ಮುಂದಿನದು ಬೇಕು.

ವೀಟಾ3ಕೆ: ಇಲ್ಲಿ ಮಾತ್ರ ಫರ್ಮ್‌ವೇರ್ ಬೇಕೇ ಬೇಕು

ವೀಟಾ (2011) ಆಟಗಳು ಯಂತ್ರದಲ್ಲಿರುವ ಸಿಸ್ಟಮ್ ಮಾಡ್ಯೂಲ್‌ಗಳನ್ನು ಕರೆಯುತ್ತವೆ. ವೀಟಾ3ಕೆ ಒಂದಿಷ್ಟನ್ನು ತಾನೇ ಬರೆದುಕೊಂಡಿದೆ, ಉಳಿದವನ್ನು ಸೋನಿಯ ಫರ್ಮ್‌ವೇರಿನಿಂದಲೇ ಎತ್ತಿ ಓಡಿಸುತ್ತದೆ. ಅದಕ್ಕೇ ಇಲ್ಲಿ ತಪ್ಪಿಸಿಕೊಳ್ಳುವ ದಾರಿಯಿಲ್ಲ. ಫೈಲ್ ಎರಡು: ಮುಖ್ಯ ಫರ್ಮ್‌ವೇರ್ ‘ಪಿಎಸ್‌ವಿಅಪ್‌ಡ್ಯಾಟ್.ಪಪ್’, ಫಾಂಟ್ ಪ್ಯಾಕೇಜ್ ‘ಪಿಎಸ್‌ಪಿ2ಅಪ್‌ಡ್ಯಾಟ್.ಪಪ್’. ಮೊದಲನೆಯದೇ ನೂರು ಎಂಬಿ ಮೀರುತ್ತದೆ. ಮೊದಲ ಸಲ ತೆರೆದಾಗ ಆ್ಯಪಿನಲ್ಲೇ ಡೌನ್‌ಲೋಡ್ ಬಟನ್ ಕಾಣುತ್ತದೆ, ಅಲ್ಲಿಂದಲೇ ಇಳಿಸಿ. ಮಧ್ಯೆ ನೆಟ್‌ವರ್ಕ್ ಹೋಗಿ ಅರ್ಧ ಇಳಿದ ಫೈಲನ್ನು ಇನ್‌ಸ್ಟಾಲ್ ಮಾಡಹೊರಟರೆ ಎರರ್ ಬರುತ್ತದೆ. ಮನೆಯಲ್ಲಿ ಸಿಗ್ನಲ್ ದುರ್ಬಲವಿದ್ದರೆ ಪೇಟೆಗೆ ಬಂದಾಗ ಎರಡನ್ನೂ ಇಳಿಸಿಟ್ಟುಕೊಳ್ಳಿ. ಇನ್‌ಸ್ಟಾಲ್ ಮಾಡಲು ಇಂಟರ್ನೆಟ್ ಬೇಡ.

ಮುಖ್ಯ ಫರ್ಮ್‌ವೇರ್ ಇಲ್ಲದಿದ್ದರೆ ಆಟ ತೆರೆಯುತ್ತಲೇ ಮುಚ್ಚಿಹೋಗುತ್ತದೆ. ಫಾಂಟ್ ಪ್ಯಾಕೇಜ್ ಬಿಟ್ಟರೆ ಆಟ ನಡೆದರೂ ಮೆನುವಿನಲ್ಲಿ ಅಕ್ಷರವೇ ಕಾಣದೆ ಖಾಲಿ ಪಟ್ಟಿ ಮಾತ್ರ ಉಳಿಯಬಹುದು. ಮಾಡ್ಯೂಲ್ ಸೆಟ್ಟಿಂಗನ್ನು ‘ಆಟೊಮ್ಯಾಟಿಕ್’ನಲ್ಲೇ ಬಿಡಿ. ಸ್ನ್ಯಾಪ್‌ಡ್ರಾಗನ್ ಫೋನುಗಳ ಅಡ್ರಿನೊ ಗ್ರಾಫಿಕ್ಸ್‌ನಲ್ಲಿ ಇದು ಚೆನ್ನಾಗಿ ನಡೆಯುತ್ತದೆ, ಮಾಲಿ ಗ್ರಾಫಿಕ್ಸ್‌ನಲ್ಲಿ ಚಿತ್ರ ಕೆಡುವುದು ಹೆಚ್ಚು. ಎಲ್ಲ ಆಟಗಳೂ ಇನ್ನೂ ನಡೆಯುವುದಿಲ್ಲ, ಆದ್ದರಿಂದ ಮೊದಲು ಅವರ ಹೊಂದಾಣಿಕೆ ಪಟ್ಟಿಯಲ್ಲಿ ಆಟದ ಹೆಸರು ಹುಡುಕಿ, ಆಮೇಲೆ ಡೇಟಾ ಖರ್ಚು ಮಾಡಿ. ಸಾಧಾರಣ ಫೋನಿಗೆ ಇದನ್ನು ನಾವು ಹೇಳುವುದಿಲ್ಲ.

ಅಝಹಾರ್ ಮತ್ತು ಉಳಿದವು

3ಡಿಎಸ್‌ನ ಸಿಟ್ರಾ ಎಮ್ಯುಲೇಟರ್ 2024ರ ಮಾರ್ಚ್‌ನಲ್ಲಿ ನಿಂತುಹೋಯಿತು. ಅದರ ಕೋಡಿನಿಂದ ಬೆಳೆದ ಅಝಹಾರ್ 2025ರಲ್ಲಿ ಬಂತು. ಸಾಮಾನ್ಯ ಆಟಗಳಿಗೆ ಸಿಸ್ಟಮ್ ಫೈಲ್ ಬೇಡ. ಹೋಮ್ ಮೆನು ನೋಡಬೇಕು, ಮೀ ಗೊಂಬೆಗಳು ಸರಿಯಾಗಿ ಬರಬೇಕು ಎಂದರೆ ಸ್ವಂತ 3ಡಿಎಸ್‌ನಲ್ಲಿ ಆರ್ಟಿಕ್ ಸೆಟಪ್ ಟೂಲ್ ಓಡಿಸಿ, ಒಂದೇ ವೈ-ಫೈನಲ್ಲಿ ಇಟ್ಟು, ಅದು ತೋರಿಸುವ ಐಪಿ ವಿಳಾಸವನ್ನು ಅಝಹಾರ್‌ನಲ್ಲಿ ಬರೆದರೆ ಫೈಲುಗಳು ತಾವಾಗಿ ಬರುತ್ತವೆ. ಆಟ ತೆರೆಯುತ್ತಿಲ್ಲ ಎಂಬ ದೂರಿಗೆ ಇಲ್ಲಿ ಸಾಮಾನ್ಯ ಕಾರಣ ಎನ್‌ಕ್ರಿಪ್ಟ್ ಆಗಿರುವ ಪ್ರತಿ. ಡಿಕ್ರಿಪ್ಟ್ ಮಾಡಿದ ಸಿಸಿಐ ಪ್ರತಿ ಕೊಡಬೇಕು.

ಅಟಾರಿ ಲಿಂಕ್ಸ್ (1989) ಆಡುವವರು ಅಪರೂಪ, ಆದರೆ ಬೀಟಲ್ ಲಿಂಕ್ಸ್ ಕೋರ್‌ಗೆ 512 ಬೈಟ್‌ನ ಬೂಟ್ ಫೈಲ್ ಬೇಕೇ ಬೇಕು. ನಿಯೊ ಜಿಯೊ ಪಾಕೆಟ್, ವಂಡರ್‌ಸ್ವಾನ್‌ಗಳಿಗೆ ಬೀಟಲ್ ಕೋರ್‌ಗಳಲ್ಲಿ ಏನೂ ಬೇಡ.

ಸ್ವಂತ ಯಂತ್ರದಿಂದ ಪ್ರತಿ ತೆಗೆಯುವಾಗ

ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ 52(1)(ಎಎ) ಕಲಂ, ಕಾನೂನುಬದ್ಧವಾಗಿ ಕಂಪ್ಯೂಟರ್ ಪ್ರೋಗ್ರಾಮಿನ ಪ್ರತಿ ಹೊಂದಿದವರು ಅದು ಹಾಳಾದರೆ ಇರಲಿ ಎಂದು ಬ್ಯಾಕಪ್ ಮಾಡಿಕೊಳ್ಳಲು ಅವಕಾಶ ಕೊಡುತ್ತದೆ. ಯಾರೋ ಹಂಚಿದ ಪ್ಯಾಕ್ ಇಳಿಸಿಕೊಳ್ಳುವುದಕ್ಕೆ, ಆಟ ತುಂಬಿಸಿದ ಚಿಪ್ ಮಾರುವುದಕ್ಕೆ ಆ ಕಲಂ ಅನ್ವಯವಾಗುವುದಿಲ್ಲ.

ಪ್ರತಿ ತೆಗೆಯುವುದು ಸುಮ್ಮನೆ ಫೈಲ್ ನಕಲು ಮಾಡಿದಂತಲ್ಲ. ಗೇಮ್ ಬಾಯ್ ಅಡ್ವಾನ್ಸ್‌ನ ಬಯೋಸ್‌ಗೆ ಓದುವ ತಡೆ ಉಂಟು. ಪ್ರೊಸೆಸರ್ ಬಯೋಸ್ ಒಳಗಿನ ಕೋಡನ್ನು ನಡೆಸುತ್ತಿರುವಾಗ ಮಾತ್ರ ಅದರ ಬೈಟ್‌ಗಳು ಕಾಣುತ್ತವೆ. ಹೊರಗಿನಿಂದ ಓದಿದರೆ ಕೊನೆಯದಾಗಿ ಓದಿದ ಆದೇಶದ ಅಂಕಿಯೇ ಮತ್ತೆ ಮತ್ತೆ ಬರುತ್ತದೆ. ಪ್ರತಿ ತೆಗೆಯುವ ಟೂಲ್‌ಗಳು ಸಂಗೀತದ ಸ್ವರದ ಲೆಕ್ಕಕ್ಕೆಂದು ಇಟ್ಟ 31ನೇ ಸಂಖ್ಯೆಯ ಆದೇಶಕ್ಕೆ ಬಯೋಸ್‌ನದೇ ವಿಳಾಸ ಕೊಟ್ಟು, ಬಯೋಸ್ ತನ್ನನ್ನು ತಾನೇ ಓದಿ ಹೇಳುವಂತೆ ಮಾಡುತ್ತವೆ. ಎಲ್ಲ ಬೈಟ್‌ಗಳೂ ಒಂದೇ ಮಾದರಿಯಲ್ಲಿ ಇರುವ 16 ಕೆಬಿ ಫೈಲ್ ನಿಮಗೆ ಸಿಕ್ಕಿದ್ದರೆ ಅದು ಈ ತಡೆಗೆ ಸಿಕ್ಕ ಖಾಲಿ ಪ್ರತಿ.

ಕರಾವಳಿಯಲ್ಲಿ ಇನ್ನೊಂದು ತಾಪತ್ರಯ. ಉಪ್ಪುಗಾಳಿಗೆ, ಮಳೆಗಾಲದ ತೇವಕ್ಕೆ ಕಾರ್ಟ್ರಿಡ್ಜಿನ ತಾಮ್ರದ ಪಟ್ಟಿಗಳ ಮೇಲೆ ಹಸಿರು ಕಿಲುಬು ಕಟ್ಟುತ್ತದೆ. ಆಟ ಹೇಗೋ ತೆರೆದುಕೊಳ್ಳುತ್ತದೆ, ಪ್ರತಿ ತೆಗೆಯುವಾಗ ಮಾತ್ರ ಅಲ್ಲಲ್ಲಿ ಬೈಟ್ ತಪ್ಪುತ್ತದೆ. ಆಮೇಲೆ ಎಮ್ಯುಲೇಟರಿನಲ್ಲಿ ಆಟ ಮಧ್ಯದಲ್ಲಿ ನಿಂತರೆ ಬೈಗುಳ ಬಯೋಸ್‌ಗೆ. ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿಕಡ್ಡಿಯಿಂದ ಪಟ್ಟಿಗಳನ್ನು ಒರೆಸಿ, ಪೂರ್ತಿ ಒಣಗಿದ ಮೇಲೆ ಹಾಕಿ. ಉಪ್ಪುಕಾಗದ ಉಜ್ಜಬೇಡಿ, ಮೇಲಿನ ಚಿನ್ನದ ಲೇಪ ಹೋದರೆ ಕಿಲುಬು ಇನ್ನೂ ಬೇಗ ಹಿಡಿಯುತ್ತದೆ. ಪ್ರತಿಯನ್ನು ಎರಡು ಸಲ ತೆಗೆಯಿರಿ, ನಡುವೆ ಕಾರ್ಟ್ರಿಡ್ಜ್ ಹೊರಗೆ ತೆಗೆದು ಮತ್ತೆ ಹಾಕಿ. ಎರಡೂ ಫೈಲಿನ ಸಿಆರ್‌ಸಿ ಒಂದೇ ಬಂದರೆ ಮಾತ್ರ ಇಟ್ಟುಕೊಳ್ಳಿ. ಹಳೆಯ ಪಿಎಸ್‌ಪಿ, ಡಿಎಸ್‌ಗಳ ಬ್ಯಾಟರಿ ಉಬ್ಬಿದ್ದರೆ ಚಾರ್ಜಿಗೆ ಹಾಕದೆ ಮೊದಲು ಬ್ಯಾಟರಿ ಬದಲಿಸಿ, ಆಮೇಲೆ ಈ ಕೆಲಸಕ್ಕೆ ಕೈ ಹಾಕಿ.